ಸ್ಟೀಮ್ ಟ್ರ್ಯಾಪ್ ಬದಲಿಸುವ ಮುಂಚೆ ಪೈಪ್ ನೋಡಿ: ಹಬೆ ಲೈನಿನ ನೀರು ತೆಗೆಯುವ ಸಮಗ್ರ ಮಾರ್ಗದರ್ಶಿ

ಬಾಯ್ಲರ್ ಗೇಜಿನಲ್ಲಿ 7 ಕೆಜಿ ಪ್ರೆಶರ್ ಇದೆ (ಚದರ ಸೆಂಟಿಮೀಟರ್‌ಗೆ 7 ಕೆಜಿ, ಹೆಚ್ಚುಕಡಿಮೆ 7 ಬಾರ್). ಆದರೆ ಲೈನಿನ ಕೊನೆಯ ಜಾಕೆಟ್ ಪಾತ್ರೆಯಲ್ಲಿ (ಸುತ್ತ ಹಬೆ ಓಡುವ ಎರಡು ಗೋಡೆಯ ಪಾತ್ರೆ) ಹಾಲು ಕಾಯುತ್ತಲೇ ಇಲ್ಲ. ಪೈಪಿನೊಳಗೆ ಆಗಾಗ ಢಣ್ ಢಣ್ ಸದ್ದು ಬೇರೆ. ಫಿಟ್ಟರ್ ಬಂದು "ಟ್ರ್ಯಾಪ್ ಕೆಟ್ಟೋಗದೆ ಸಾ, ಹೊಸದು ತರ್ಸಿ" ಅನ್ನುತ್ತಾನೆ. ಸ್ಟೀಮ್ ಟ್ರ್ಯಾಪ್ ಅಂದರೆ ಹಬೆಯನ್ನು ಹಿಡಿದಿಟ್ಟು ಲೈನಿನ ನೀರನ್ನು ಹೊರಗೆ ಬಿಡುವ ಸಾಧನ. ಹೊಸದು ಬರುತ್ತದೆ, ಸ್ವಲ್ಪ ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ರಾಮಾಯಣ. ಕೊನೆಗೆ ಯಾರೋ ಬೈಪಾಸ್ ವಾಲ್ವನ್ನು (ಟ್ರ್ಯಾಪ್ ತಪ್ಪಿಸಿ ಹೋಗುವ ಪಕ್ಕದ ಪೈಪಿನ ವಾಲ್ವ್) ಅರ್ಧ ತಿರುಗಿಸಿ ಬಿಟ್ಟು "ಈಗ ಸರಿಯಾಯ್ತು" ಅಂತ ಕೈ ಒರೆಸಿಕೊಂಡು ಹೋಗುತ್ತಾರೆ.

ಮಂಡ್ಯ, ಮದ್ದೂರು ಕಡೆಯ ಅಕ್ಕಿ ಗಿರಣಿ ಇರಲಿ, ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಘಟಕ ಇರಲಿ, ಹಾಸ್ಟೆಲ್ಲಿನ ಹಬೆ ಅಡುಗೆಮನೆ ಇರಲಿ, ಹಬೆ ಓಡುವ ಕಡೆಯೆಲ್ಲ ಈ ತೊಂದರೆ ಇದ್ದೇ ಇರುತ್ತದೆ. ನಾನು ಹೇಳುವುದು ಇಷ್ಟೇ: ಟ್ರ್ಯಾಪ್ ತಪ್ಪು ಅಂತ ಹೇಳುವ ಎಷ್ಟೋ ಕಡೆ ನಿಜವಾದ ತಪ್ಪು ಪೈಪಿನಲ್ಲಿರುತ್ತದೆ. ಆದ್ದರಿಂದ ದುಡ್ಡು ಖರ್ಚು ಮಾಡುವ ಮುಂಚೆ ಒಂದಷ್ಟು ನಡೆದು, ಒಂದಷ್ಟು ಲೆಕ್ಕ ಹಾಕಿ ನೋಡೋಣ.

ಹಬೆ ಲೈನಿನಲ್ಲಿ ನೀರು ಯಾಕೆ ಬರುತ್ತದೆ?

ಹಬೆ ತನ್ನ ಬಿಸಿಯನ್ನು ಬಿಟ್ಟುಕೊಟ್ಟ ತಕ್ಷಣ ನೀರಾಗುತ್ತದೆ. ಆ ನೀರಿಗೇ ಕಂಡೆನ್ಸೇಟ್ ಅನ್ನುವುದು. ಅಂದರೆ ಕಂಡೆನ್ಸೇಟ್ ಬರುತ್ತಿದೆ ಅಂದರೆ ಹಬೆ ಕೆಲಸ ಮಾಡುತ್ತಿದೆ ಅಂತ. ಗೇಜಿನಲ್ಲಿ 3 ಬಾರ್ ತೋರಿಸುವ ಹಬೆ ಸುಮಾರು 144 ಡಿಗ್ರಿ ಬಿಸಿ ಇರುತ್ತದೆ. ಅದರ ಒಂದು ಕೆಜಿ ನೀರಾಗುವಾಗ ಸುಮಾರು 510 ಕಿಲೋ ಕ್ಯಾಲರಿ ಕೊಡುತ್ತದೆ. ಆಮೇಲೆ ಅದೇ ನೀರು 144ರಿಂದ 100ಕ್ಕೆ ಇಳಿದರೆ ಸಿಗುವುದು ಹೆಚ್ಚೆಂದರೆ 45 ಕಿಲೋ ಕ್ಯಾಲರಿ. ಹಾಗಾಗಿ ನೀರಾದ ಮೇಲೆ ಅದು ಪಾತ್ರೆಯ ಜಾಕೆಟ್‌ನಲ್ಲಿ ಕೂತಿದ್ದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಹಬೆ ಬರಬೇಕಾದ ಜಾಗವನ್ನು ಅದು ಹಿಡಿದುಕೊಂಡಿರುತ್ತದೆ.

ನೀರಿನ ಜೊತೆ ಗಾಳಿಯೂ ಇರುತ್ತದೆ. ರಾತ್ರಿ ಬಾಯ್ಲರ್ ನಿಲ್ಲಿಸಿದಾಗ ಪೈಪಿನಲ್ಲಿದ್ದ ಹಬೆ ತಣಿದು ಕುಗ್ಗುತ್ತದೆ, ಒಳಗೆ ನಿರ್ವಾತ ಆಗುತ್ತದೆ, ಸಂದುಗೊಂದಿನಿಂದ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ಈ ಗಾಳಿ ಹೊರಗೆ ಹೋಗದಿದ್ದರೆ ಗೇಜು ಮೋಸ ಮಾಡುತ್ತದೆ. ಒಟ್ಟು ಒತ್ತಡ 4 ಬಾರ್ ಇದ್ದು (ಇದು ವಾತಾವರಣದ ಒತ್ತಡವೂ ಸೇರಿ) ಅದರಲ್ಲಿ ಕಾಲು ಭಾಗ ಗಾಳಿಯೇ ಇದ್ದರೆ, ಬಿಸಿ 144 ಡಿಗ್ರಿ ಇರುವ ಬದಲು 133ರ ಆಸುಪಾಸಿನಲ್ಲಿ ನಿಲ್ಲುತ್ತದೆ. "ಪ್ರೆಶರ್ ಇದೆ, ಬಿಸಿ ಇಲ್ಲ" ಅನ್ನುವ ದೂರಿನ ಗುಟ್ಟು ಎಷ್ಟೋ ಸಲ ಇದೇ.

ಒಟ್ಟಿನಲ್ಲಿ ಟ್ರ್ಯಾಪ್‌ಗೆ ಮೂರು ಕೆಲಸ. ನೀರನ್ನು ಬಿಡಬೇಕು, ಗಾಳಿಯನ್ನು ಬಿಡಬೇಕು, ಹಬೆಯನ್ನು ಮಾತ್ರ ಹಿಡಿದಿಡಬೇಕು.

ಟ್ರ್ಯಾಪ್ ಒಳಗೆ ಏನು ನಡೆಯುತ್ತದೆ?

ಅಂಗಡಿಯಲ್ಲಿ ಹತ್ತಾರು ಮಾದರಿ ಕಂಡರೂ ಮೂಲದಲ್ಲಿ ಇರುವುದು ಮೂರೇ ಜಾತಿ.

ಮೊದಲನೆಯದು ನೀರಿನ ಮಟ್ಟ ನೋಡಿ ಕೆಲಸ ಮಾಡುವುದು. ಬಾಲ್ ಫ್ಲೋಟ್ ಟ್ರ್ಯಾಪ್‌ನಲ್ಲಿ ಒಂದು ಟೊಳ್ಳು ಗುಂಡು ಇರುತ್ತದೆ. ನೀರು ತುಂಬಿದರೆ ಗುಂಡು ಮೇಲೆದ್ದು ವಾಲ್ವ್ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ನೀರು ಬಂದಷ್ಟೂ ಬಂದ ಹಾಗೇ ಹೊರಗೆ ಹೋಗುತ್ತಿರುತ್ತದೆ. ಗಾಳಿ ಬಿಡುವುದಕ್ಕೆ ಅದರ ತಲೆಯ ಹತ್ತಿರ ಬೇರೆಯೇ ಒಂದು ಸಣ್ಣ ವೆಂಟ್ ಇರುತ್ತದೆ. ಇದೇ ಜಾತಿಯ ಇನ್ನೊಂದು ಬಕೆಟ್ ಟ್ರ್ಯಾಪ್. ಒಳಗೆ ಬಕೆಟ್ ಕವುಚಿಕೊಂಡಿರುತ್ತದೆ. ಹಬೆ ಬಂದರೆ ಬಕೆಟ್ ತೇಲಿ ವಾಲ್ವ್ ಮುಚ್ಚುತ್ತದೆ, ನೀರು ಬಂದರೆ ಮುಳುಗಿ ತೆರೆಯುತ್ತದೆ. ಗಟ್ಟಿ ಸಾಮಾನು, ಆದರೆ ಒಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರಲೇಬೇಕು. ಒತ್ತಡ ಒಮ್ಮೆಲೇ ಬಿದ್ದು ಆ ನೀರು ಖಾಲಿಯಾದರೆ ಬಕೆಟ್ ತೇಲುವುದೇ ಇಲ್ಲ, ಹಬೆ ಸುಮ್ನೆ ಹೊರಗೆ ಹೋಗುತ್ತಿರುತ್ತದೆ.

ಎರಡನೆಯದು ಬಿಸಿ ನೋಡಿ ಕೆಲಸ ಮಾಡುವ ಥರ್ಮೋಸ್ಟಾಟಿಕ್ ಟ್ರ್ಯಾಪ್. ನೀರು ಹಬೆಗಿಂತ ಸ್ವಲ್ಪ ತಣ್ಣಗಾದ ಮೇಲೆ ಮಾತ್ರ ಇದು ಬಾಯಿ ಬಿಡುತ್ತದೆ. ಗಾಳಿ ಬಿಡುವುದರಲ್ಲಿ ಜಾಣ. ಆದರೆ ನೀರು ತಣಿಯುವವರೆಗೆ ಕಾಯುವುದರಿಂದ ಅದರ ಹಿಂದೆ ನೀರು ನಿಲ್ಲುತ್ತದೆ.

ಮೂರನೆಯದು ಎಲ್ಲರೂ ಟಿಡಿ ಅಂತ ಕರೆಯುವ ಥರ್ಮೋಡೈನಾಮಿಕ್ ಟ್ರ್ಯಾಪ್. ಒಳಗೆ ಚಲಿಸುವುದು ಒಂದೇ ಒಂದು ಬಿಲ್ಲೆ. ನೀರು ಬಂದಾಗ ಬಿಲ್ಲೆಯನ್ನು ಎತ್ತಿ ಹೋಗುತ್ತದೆ. ನೀರು ಬಿಸಿಯಾಗುತ್ತಾ ಬಂದಂತೆ ಅದರಿಂದ ಹಬೆ ಏಳುತ್ತದೆ, ಬಿಲ್ಲೆಯ ಕೆಳಗೆ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಮೇಲಿನ ಕೋಣೆಯಲ್ಲಿ ಸೇರಿದ ಹಬೆ ಅದನ್ನು ಒತ್ತಿ ಟಕ್ ಅಂತ ಕೂರಿಸುತ್ತದೆ. ಮೇಲಿನ ಹಬೆ ತಣಿದಾಗ ಮತ್ತೆ ತೆರೆಯುತ್ತದೆ. ಸಣ್ಣದು, ಅಗ್ಗ, ವಾಟರ್ ಹ್ಯಾಮರ್ (ಪೈಪಿನೊಳಗೆ ನೀರು ರಭಸದಿಂದ ಬಡಿಯುವುದು) ಏಟನ್ನೂ ತಡೆಯುತ್ತದೆ. ಅದಕ್ಕೇ ನಮ್ಮಲ್ಲಿ ಎಲ್ಲಿ ನೋಡಿದರೂ ಟಿಡಿಯೇ. ಹಾಕಬಾರದ ಕಡೆಯೂ ಟಿಡಿಯೇ!

ಹೆಜ್ಜೆ 1: ಲೈನಿನ ಉದ್ದಕ್ಕೂ ನಡೆಯಿರಿ

ಬಾಯ್ಲರ್‌ನಿಂದ ಕೊನೆಯ ಪಾತ್ರೆಯವರೆಗೆ ಕೈಯಲ್ಲಿ ಒಂದು ಹಾಳೆ ಹಿಡಿದು ನಡೆಯಿರಿ. ಪ್ರತಿ ಟ್ರ್ಯಾಪ್‌ಗೂ ನಂಬರ್ ಕೊಟ್ಟು, ಯಾವ ಜಾತಿ, ಯಾವ ಸೈಜು, ಅದು ಯಾವ ಯಂತ್ರದ ನೀರು ತೆಗೆಯುತ್ತದೆ, ಬೈಪಾಸ್ ತೆರೆದಿದೆಯೋ ಮುಚ್ಚಿದೆಯೋ ಬರೆದುಕೊಳ್ಳಿ.

ನೋಡಬೇಕಾದ್ದು ಮುಖ್ಯವಾಗಿ ಪೈಪನ್ನೇ. ಹಬೆ ಹೋಗುವ ದಿಕ್ಕಿಗೆ ಲೈನ್ ಸ್ವಲ್ಪ ಇಳಿಜಾರಾಗಿರಬೇಕು. 100 ಅಡಿಗೆ ಒಂದು ಅಡಿ ಅಂತ ಇಟ್ಟುಕೊಳ್ಳಿ. ಸಪೋರ್ಟ್ ಜಾರಿ ಪೈಪ್ ಮಧ್ಯದಲ್ಲಿ ಜೋತುಬಿದ್ದಿದ್ದರೆ ಅಲ್ಲಿ ನೀರು ನಿಂತಿದೆ ಅಂತಲೇ ತಿಳಿಯಿರಿ. ಮುಖ್ಯ ಲೈನಿನಲ್ಲಿ ಹಬೆ ಸೆಕೆಂಡಿಗೆ 25ರಿಂದ 40 ಮೀಟರ್ ಓಡುತ್ತದೆ. ನಿಂತ ನೀರನ್ನು ಅದು ಎತ್ತಿಕೊಂಡು ಹೊರಟರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ಓಡುವ ವೇಗದಲ್ಲಿ ಒಂದು ಬಕೆಟ್ ನೀರು ಬಂದು ಬೆಂಡಿಗೆ ಬಡಿದ ಹಾಗೆ. ಆ ಢಣ್ ಸದ್ದು ಅದೇ. ಫ್ಲೋಟ್ ಟ್ರ್ಯಾಪಿನ ಗುಂಡು ಜಜ್ಜಿಹೋಗುವುದೂ, ಗ್ಯಾಸ್ಕೆಟ್ ಹಾರುವುದೂ ಇದರಿಂದಲೇ. ಗುಂಡು ಜಜ್ಜಿದ ಟ್ರ್ಯಾಪನ್ನು ಬದಲಿಸಿ ಪೈಪನ್ನು ಹಾಗೇ ಬಿಟ್ಟರೆ ಹೊಸ ಗುಂಡಿಗೂ ಅದೇ ಗತಿ, ಅಲ್ವಾ?

ಇನ್ನೆರಡು ಸಣ್ಣ ವಿಷಯ. ಪೈಪ್ ಸೈಜು ಕಡಿಮೆಯಾಗುವ ಕಡೆ ರೆಡ್ಯೂಸರ್‌ನ ತಳ ಸಮ ಇರಬೇಕು, ಇಲ್ಲದಿದ್ದರೆ ಮೆಟ್ಟಿಲಿನ ಹಿಂದೆ ನೀರು ನಿಲ್ಲುತ್ತದೆ. ಹಬೆ ಲೈನಿನಲ್ಲಿ ಕಸ ಹಿಡಿಯುವ ವೈ ಸ್ಟ್ರೇನರ್‌ನ ಬುಟ್ಟಿ ಕೆಳಕ್ಕೆ ನೇತಾಡದೆ ಪಕ್ಕಕ್ಕೆ ಮಲಗಿರಬೇಕು. ಕೆಳಕ್ಕಿದ್ದರೆ ಅದೇ ಒಂದು ನೀರಿನ ತೊಟ್ಟಿ.

ಹೆಜ್ಜೆ 2: ಡ್ರಿಪ್ ಪಾಕೆಟ್ ಇದೆಯೇ ನೋಡಿ

ಡ್ರಿಪ್ ಪಾಕೆಟ್ ಅಂದರೆ ನೀರು ಬಿದ್ದು ಸೇರಲು ಲೈನಿನ ತಳದಲ್ಲಿ ಕೊಡುವ ಕೆಳಮುಖದ ಪೈಪ್ ತುಂಡು. ಇದು ಅತಿ ಹೆಚ್ಚು ಕಡೆಗಣಿಸುವ ಭಾಗ. ಮುಖ್ಯ ಲೈನಿನ ತಳಕ್ಕೆ 15 ಮಿಮೀ ತೂತು ಕೊರೆದು, ಅಲ್ಲಿಂದ ನೇರ ಟ್ರ್ಯಾಪ್‌ಗೆ ಪೈಪ್ ಎಳೆದಿರುತ್ತಾರೆ. ವೇಗದಲ್ಲಿ ಬರುವ ನೀರು ಆ ಸಣ್ಣ ತೂತನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಟ್ರ್ಯಾಪ್ ಎಷ್ಟೇ ಒಳ್ಳೆಯದಾದರೂ ಅದರ ತನಕ ನೀರೇ ಬರದಿದ್ದರೆ ಏನು ಮಾಡೀತು?

ಸರಿಯಾದ ಕ್ರಮ ಹೀಗೆ. ಲೈನ್ 100 ಮಿಮೀ ಅಥವಾ ಅದಕ್ಕಿಂತ ಸಣ್ಣದಾದರೆ ಪಾಕೆಟ್ ಕೂಡ ಅದೇ ಸೈಜಿನದಿರಲಿ, ಆಳ ಕನಿಷ್ಠ 100 ಮಿಮೀ. 125ರಿಂದ 200 ಮಿಮೀ ಲೈನಿಗೆ 100 ಮಿಮೀ ಪಾಕೆಟ್, 150 ಮಿಮೀ ಆಳ ಸಾಕು. ಟ್ರ್ಯಾಪ್‌ಗೆ ಹೋಗುವ ಪೈಪನ್ನು ಪಾಕೆಟ್‌ನ ಪಕ್ಕದಿಂದ, ತಳದಿಂದ ಒಂದಿಂಚು ಮೇಲೆ ತೆಗೆಯಿರಿ. ತಳಕ್ಕೆ ನೀರು, ಕಸ ಹೊರಬಿಡುವ ಒಂದು ಬ್ಲೋಡೌನ್ ವಾಲ್ವ್ ಹಾಕಿ. ತುಕ್ಕು, ವೆಲ್ಡಿಂಗ್ ಕಸ ಎಲ್ಲ ಅಲ್ಲಿ ಕೂರುತ್ತದೆ, ಟ್ರ್ಯಾಪ್‌ಗೆ ಹೋಗುವುದಿಲ್ಲ.

ಇಂಥ ಪಾಕೆಟ್ 30ರಿಂದ 50 ಮೀಟರ್‌ಗೆ ಒಂದಿರಲಿ. ಲೈನ್ ಮೇಲಕ್ಕೇರುವ ಕಡೆ ಬುಡದಲ್ಲಿ, ಕಂಟ್ರೋಲ್ ವಾಲ್ವ್‌ನ ಮುಂಚೆ, ಲೈನಿನ ಕೊನೆಯಲ್ಲಿ ಇರಲೇಬೇಕು. ಒಂದು ಎಚ್ಚರಿಕೆ: 3.5 ಕೆಜಿಗಿಂತ ಹೆಚ್ಚು ಒತ್ತಡದ ಹಬೆ ಲೈನ್ ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್) ನಿಯಮದ ಕೆಳಗೆ ಬರುತ್ತದೆ. ಅದರ ಮೇಲೆ ಗೇಟಿನ ಪಕ್ಕದ ವೆಲ್ಡರ್‌ನ ಕರೆದು ಕೆಲಸ ಮಾಡಿಸುವ ಹಾಗಿಲ್ಲ. ಸರ್ಟಿಫಿಕೇಟ್ ಇರುವವರೇ ಮಾಡಬೇಕು.

ಹೆಜ್ಜೆ 3: ಎಲ್ಲಿಗೆ ಯಾವ ಟ್ರ್ಯಾಪ್?

ಮುಖ್ಯ ಲೈನಿನ ಪಾಕೆಟ್‌ಗಳಿಗೆ ಟಿಡಿ ಹಾಕಿ, ಕಣ್ಣುಮುಚ್ಚಿ ಹಾಕಿ. ಹೊರಗೆ ಬಯಲಿನಲ್ಲಿದ್ದರೆ ಅದರ ತಲೆಗೆ ಒಂದು ಮುಚ್ಚಳವೂ ಬೇಕು. ಮಳೆ ಬಿದ್ದು ತಲೆ ತಣಿದರೆ ಬಿಲ್ಲೆ ಸುಮ್ಮನೆ ಪದೇ ಪದೇ ತೆರೆಯುತ್ತದೆ, ಬೇಗ ಸವೆಯುತ್ತದೆ.

ಪಾತ್ರೆ, ಹೀಟ್ ಎಕ್ಸ್‌ಚೇಂಜರ್, ಅಕ್ಕಿ ಗಿರಣಿಯ ಡ್ರೈಯರ್‌ನ ಹಬೆ ಕಾಯಿಲ್, ಇವಕ್ಕೆಲ್ಲ ಬಾಲ್ ಫ್ಲೋಟ್. ಇಲ್ಲಿ ನೀರು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಬರುತ್ತದೆ, ಬಂದ ಕೂಡಲೇ ಹೋಗಬೇಕು. ಟಿಡಿ ತೆರೆದು ಮುಚ್ಚಿ ಮಾಡುವಷ್ಟರಲ್ಲಿ ಜಾಕೆಟ್‌ನಲ್ಲಿ ನೀರು ನಿಂತು ಪಾತ್ರೆಯ ತಳ ತಣ್ಣಗಾಗಿರುತ್ತದೆ. ಬೆಳಿಗ್ಗೆ ಗಾಳಿ ಬಿಡುವುದರಲ್ಲೂ ಟಿಡಿ ಅಷ್ಟಕ್ಕಷ್ಟೇ.

ರೇಷ್ಮೆಗೆ ಬಣ್ಣ ಹಾಕುವ ತೊಟ್ಟಿಯ ಕಥೆ ಬೇರೆ. ಅಲ್ಲಿ ಹಬೆ ಕಾಯಿಲ್ ತೊಟ್ಟಿಯ ತಳದಲ್ಲಿದ್ದು, ಕಂಡೆನ್ಸೇಟ್ ಪೈಪ್ ತೊಟ್ಟಿಯ ಅಂಚು ಹತ್ತಿ ಆಚೆ ಇಳಿಯುತ್ತದೆ. ಹತ್ತುವ ಪೈಪಿನಲ್ಲಿ ಹಬೆ ಮುಂಚೆ ಹೋಗಿ ಕೂತರೆ ಕೆಳಗಿನ ನೀರಿಗೆ ದಾರಿಯೇ ಇರುವುದಿಲ್ಲ. ಟ್ರ್ಯಾಪ್ ಹಬೆ ಕಂಡು ಬಾಯಿ ಮುಚ್ಚಿರುತ್ತದೆ, ಕಾಯಿಲ್‌ನಲ್ಲಿ ನೀರು ತುಂಬಿರುತ್ತದೆ. ಇದಕ್ಕೆ ಹತ್ತುವ ಪೈಪಿನ ಬುಡದಲ್ಲಿ ಯು ಆಕಾರದ ಸಣ್ಣ ಬೆಂಡ್ ಕೊಟ್ಟು, ಹತ್ತುವ ಪೈಪನ್ನು ಸಣ್ಣ ಸೈಜಿನದು ಮಾಡಿ. ಯು ಬೆಂಡಿನಲ್ಲಿ ನಿಂತ ನೀರು ಹಬೆಯನ್ನು ತಡೆಯುತ್ತದೆ. ಟ್ರ್ಯಾಪ್ ಕೊಳ್ಳುವಾಗ ಸ್ಟೀಮ್ ಲಾಕ್ ರಿಲೀಸ್ (ಹೀಗೆ ಸಿಕ್ಕಿಕೊಂಡ ಹಬೆಯನ್ನು ಬಿಡುವ ದಾರಿ) ಇರುವ ಫ್ಲೋಟ್ ಕೇಳಿ.

ಮತ್ತೆ, ಒಂದು ಪಾತ್ರೆಗೆ ಒಂದು ಟ್ರ್ಯಾಪ್. ದುಡ್ಡು ಉಳಿಸುವುದಕ್ಕೆ ಮೂರು ಪಾತ್ರೆಯ ನೀರನ್ನು ಒಂದೇ ಟ್ರ್ಯಾಪ್‌ಗೆ ಸೇರಿಸಬೇಡಿ. ಮೂರರಲ್ಲೂ ಒತ್ತಡ ಒಂದೇ ಇರುವುದಿಲ್ಲ. ಜಾಸ್ತಿ ಒತ್ತಡದ್ದು ಗೆಲ್ಲುತ್ತದೆ, ಉಳಿದವು ನೀರು ತುಂಬಿಕೊಂಡು ಕೂರುತ್ತವೆ.

ಹೆಜ್ಜೆ 4: ಸೈಜು ಲೆಕ್ಕ

"ಲೈನ್ ಒಂದಿಂಚು, ಟ್ರ್ಯಾಪೂ ಒಂದಿಂಚು" ಅನ್ನುವುದು ಲೆಕ್ಕವಲ್ಲ. ಗಂಟೆಗೆ ಎಷ್ಟು ಕೆಜಿ ನೀರು ಬರುತ್ತದೆ, ಟ್ರ್ಯಾಪ್‌ನ ಎರಡು ಕಡೆ ಒತ್ತಡದ ವ್ಯತ್ಯಾಸ ಎಷ್ಟು, ಇವೆರಡು ಬೇಕು.

ಒಂದು ಹಾಸ್ಟೆಲ್ ಅಡುಗೆಮನೆಯಲ್ಲಿ 400 ಲೀಟರ್ ನೀರನ್ನು 30 ಡಿಗ್ರಿಯಿಂದ 90 ಡಿಗ್ರಿಗೆ ಅರ್ಧ ಗಂಟೆಯಲ್ಲಿ ಕಾಯಿಸಬೇಕು ಅಂತಿಟ್ಟುಕೊಳ್ಳಿ. 400 ಗುಣಿಸು 60, ಅಂದರೆ 24,000 ಕಿಲೋ ಕ್ಯಾಲರಿ. ಅರ್ಧ ಗಂಟೆಯ ಕೆಲಸವಾದ್ದರಿಂದ ಗಂಟೆಯ ಲೆಕ್ಕಕ್ಕೆ 48,000. ಹಬೆ 3 ಬಾರ್ ಆದರೆ ಅದನ್ನು 510ರಿಂದ ಭಾಗಿಸಿ. ಗಂಟೆಗೆ ಸುಮಾರು 94 ಕೆಜಿ. ಶುರುವಿನಲ್ಲಿ ಪಾತ್ರೆ, ನೀರು ಎರಡೂ ತಣ್ಣಗಿರುವುದರಿಂದ ಹಬೆ ಬೇಗ ಬೇಗ ನೀರಾಗುತ್ತದೆ. ಅದಕ್ಕೆ ಎರಡರಿಂದ ಮೂರು ಪಟ್ಟು ಹಿಡಿದು, 200ರಿಂದ 280 ಕೆಜಿ ಬಿಡಬಲ್ಲ ಟ್ರ್ಯಾಪ್ ಆರಿಸಿ. ಕಂಪನಿಯ ಚಾರ್ಟ್‌ನಲ್ಲಿ ನಿಮ್ಮ ಒತ್ತಡದ ವ್ಯತ್ಯಾಸದ ಸಾಲಿನಲ್ಲೇ ಈ ಅಂಕಿ ನೋಡಬೇಕು. ಬೇಕಾಬಿಟ್ಟಿ ದೊಡ್ಡದು ತಂದರೆ ಅದೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಟ್ರ್ಯಾಪ್ ಆದ ಮೇಲೆ ಪೈಪ್ ಮೇಲಕ್ಕೇರುತ್ತಿದ್ದರೆ ಪ್ರತಿ ಮೀಟರ್‌ಗೂ ಸುಮಾರು 0.1 ಬಾರ್ ಕಳೆಯಿರಿ. 5 ಮೀಟರ್ ಏರಿದರೆ ಅರ್ಧ ಬಾರ್ ಹೋಯಿತು. ಟಿಡಿ ಆದರೆ ನೀರು ಹೊರಹೋಗುವ ಕಡೆಯ ಒತ್ತಡ (ಬ್ಯಾಕ್ ಪ್ರೆಶರ್) ಒಳಬರುವ ಕಡೆಯ ಒತ್ತಡದ 80 ಪರ್ಸೆಂಟ್ ದಾಟಬಾರದು, ದಾಟಿದರೆ ಬಿಲ್ಲೆ ಮುಚ್ಚುವುದೇ ಇಲ್ಲ.

ಡ್ರೈಯರ್ ಇರುವವರು ಇದನ್ನು ಇನ್ನೊಮ್ಮೆ ಓದಿ. ಕಂಟ್ರೋಲ್ ವಾಲ್ವ್ ಹಬೆಯನ್ನು ಕಡಿಮೆ ಮಾಡಿದಾಗ ಕಾಯಿಲ್ ಒಳಗಿನ ಒತ್ತಡ ಇಳಿದು ಕಂಡೆನ್ಸೇಟ್ ವಾಪಸ್ ಹೋಗುವ ರಿಟರ್ನ್ ಲೈನಿನ ಒತ್ತಡಕ್ಕಿಂತ ಕೆಳಗೆ ಹೋಗಬಹುದು. ಆಗ ನೀರನ್ನು ಆಚೆ ತಳ್ಳುವ ಶಕ್ತಿ ಇರುವುದಿಲ್ಲ. ಟ್ರ್ಯಾಪ್ ಪೂರ್ತಿ ತೆರೆದಿದ್ದರೂ ನೀರು ಹೋಗದು. ಕಾಯಿಲ್‌ನ ಕೆಳಭಾಗ ತಣ್ಣಗೆ, ಮೇಲ್ಭಾಗ ಬಿಸಿ ಇದ್ದರೆ ಇದೇ ಕಾರಣ ಇರಬಹುದು. ಇಲ್ಲಿ ಟ್ರ್ಯಾಪ್ ಬದಲಿಸಿ ಪ್ರಯೋಜನವಿಲ್ಲ. ನೀರು ತಾನಾಗಿ ಕೆಳಕ್ಕಿಳಿಯುವ ಹಾಗೆ ಮಾಡಿ, ಅಥವಾ ನೀರನ್ನು ತಾನೇ ತಳ್ಳುವ ಪಂಪಿಂಗ್ ಟ್ರ್ಯಾಪ್ ಹಾಕಿ.

ಹೆಜ್ಜೆ 5: ಜೋಡಣೆ

ಕ್ರಮ ಹೀಗಿರಲಿ: ಮೊದಲು ಐಸೊಲೇಷನ್ ವಾಲ್ವ್, ಆಮೇಲೆ ಸ್ಟ್ರೇನರ್, ಆಮೇಲೆ ಟ್ರ್ಯಾಪ್, ಸೈಟ್ ಗ್ಲಾಸ್ (ಒಳಗಿನ ಹರಿವು ಕಾಣುವ ಗಾಜಿನ ಕಿಂಡಿ), ಎನ್‌ಆರ್‌ವಿ (ನೀರು ವಾಪಸ್ ಹರಿಯದಂತೆ ತಡೆಯುವ ವಾಲ್ವ್), ಕೊನೆಗೆ ಇನ್ನೊಂದು ವಾಲ್ವ್. ಟಿಡಿಗೂ ಸೈಟ್ ಗ್ಲಾಸಿಗೂ ನಡುವೆ ಒಂದು ಮೀಟರ್‌ನಷ್ಟು ಅಂತರ ಬಿಡಿ, ಇಲ್ಲದಿದ್ದರೆ ಗಾಜು ಏಟು ತಿನ್ನುತ್ತದೆ. ಬಾಣದ ಗುರುತು ನೋಡಿ ಕೂರಿಸಿ. ಫ್ಲೋಟ್ ಟ್ರ್ಯಾಪ್‌ನ ಗುಂಡು ಮೇಲೆ ಕೆಳಗೆ ಆಡಬೇಕು, ಅಡ್ಡ ಮಲಗಿಸಿದರೆ ಮುಗಿಯಿತು. ಟ್ರ್ಯಾಪ್ ಪಾತ್ರೆಗಿಂತ ಕೆಳಗಿರಲಿ. ಬಕೆಟ್ ಟ್ರ್ಯಾಪ್ ಆದರೆ ಹಬೆ ಬಿಡುವ ಮುಂಚೆ ನೀರು ತುಂಬಿಸಿ.

ಬೈಪಾಸ್ ಹಾಕಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಇದ್ದರೆ ಯಾರಾದರೂ ತೆರೆದೇ ತೆರೆಯುತ್ತಾರೆ. 7 ಕೆಜಿ ಒತ್ತಡದಲ್ಲಿ ಬರೀ 3 ಮಿಮೀ ತೂತಿನಿಂದ ಗಂಟೆಗೆ 20ರಿಂದ 30 ಕೆಜಿ ಹಬೆ ಹೋಗಬಲ್ಲದು. ದಿನಕ್ಕೆ 20 ಗಂಟೆ ಓಡುವ ಗಿರಣಿಯಲ್ಲಿ ಅದು ಸುಮಾರು 500 ಕೆಜಿ. ಒಂದು ಕೆಜಿ ಭತ್ತದ ಹೊಟ್ಟಿಗೆ 3 ಕೆಜಿ ಹಬೆ ಅಂತ ಹಿಡಿದರೂ ದಿನಕ್ಕೆ 160 ಕೆಜಿಗಿಂತ ಹೆಚ್ಚು ಹೊಟ್ಟು ಸುಮ್ನೆ ಆಕಾಶಕ್ಕೆ. ಅರ್ಧ ತೆರೆದ ಬೈಪಾಸ್‌ನ ಬಾಯಿ 3 ಮಿಮೀಗಿಂತ ಎಷ್ಟು ದೊಡ್ಡದು ಅಂತ ನೀವೇ ಯೋಚಿಸಿ.

ಹೆಜ್ಜೆ 6: ಬೆಳಿಗ್ಗೆ ಹಬೆ ಬಿಡುವ ರೀತಿ

ಮೊದಲು ಪಾಕೆಟ್‌ಗಳ ಬ್ಲೋಡೌನ್ ತೆರೆದು ನಿಂತ ನೀರು ಬಿಡಿ. ಆಮೇಲೆ ಮೇನ್ ವಾಲ್ವನ್ನು ಚೂರು ಚೂರೇ ತೆರೆಯಿರಿ. ಬ್ಲೋಡೌನ್‌ನಿಂದ ನೀರು ನಿಂತು ಹಬೆ ಬರತೊಡಗಿದ ಮೇಲೆ ಮುಚ್ಚಿ. ಬಾಯಿಯ ಎದುರು ನಿಲ್ಲಬೇಡಿ, ಕೈಗವಸು ಬೇಕೇ ಬೇಕು. ಅವಸರ ಮಾಡಿದರೆ ವಾಟರ್ ಹ್ಯಾಮರ್ ಖಂಡಿತ, ಪೈಪ್ ಒಡೆದು ಜೀವಕ್ಕೆ ಅಪಾಯವಾಗಬಹುದು.

ಹೆಜ್ಜೆ 7: ಟ್ರ್ಯಾಪ್ ನಿಜವಾಗಿ ಕೆಟ್ಟಿದೆಯೇ?

ಮುಟ್ಟಿ ನೋಡುವ ವಿದ್ಯೆ ಬಿಡಿ. ಟೆಂಪರೇಚರ್ ಗನ್ ಹಿಡಿಯಿರಿ, ಆದರೆ ಹೊಳೆಯುವ ಪೈಪಿನ ಮೇಲೆ ಅದು ಕಡಿಮೆ ತೋರಿಸುತ್ತದೆ. ಹಿಡಿಯುವ ಜಾಗಕ್ಕೆ ಬಿಸಿ ತಡೆಯುವ ಕಪ್ಪು ಪೇಂಟ್ ಚುಕ್ಕೆ ಹಚ್ಚಿ. ಟ್ರ್ಯಾಪ್ ತಣ್ಣಗಿದ್ದರೆ ಮುಂಚೆ ವಾಲ್ವ್, ಸ್ಟ್ರೇನರ್ ನೋಡಿ, ಆಮೇಲೆ ಟ್ರ್ಯಾಪ್. ಆದರೆ ಬಿಸಿ ಇದ್ದರೆ ಬರೀ ಗನ್ನಿನಿಂದ ತೀರ್ಪು ಕೊಡಬೇಡಿ. ಸರಿಯಾದ ಟ್ರ್ಯಾಪೂ ಬಿಸಿಯೇ, ಹಬೆ ಸೋರುವ ಟ್ರ್ಯಾಪೂ ಬಿಸಿಯೇ.

ಆಗ ಕಿವಿ ಬೇಕು. ಉದ್ದ ಸ್ಕ್ರೂಡ್ರೈವರ್‌ನ ತುದಿ ಟಿಡಿಯ ತಲೆಗೆ, ಹಿಡಿ ಕಿವಿಯ ಹತ್ತಿರ. ಟಕ್, ಸ್ವಲ್ಪ ಹೊತ್ತು ಮೌನ, ಮತ್ತೆ ಟಕ್. ಇದು ಆರೋಗ್ಯ. ಮಷಿನ್ ಗನ್ನಿನಂತೆ ಟಕಟಕಟಕ ಅಂದರೆ ಬಿಲ್ಲೆ ಸವೆದಿದೆ ಅಥವಾ ಬ್ಯಾಕ್ ಪ್ರೆಶರ್ ಜಾಸ್ತಿ. ಬರೀ ಸುಯ್ ಅಂದರೆ ಮುಚ್ಚುತ್ತಿಲ್ಲ. ಫ್ಲೋಟ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಹರಿವು ನಿರಂತರ. ಅದಕ್ಕೆ ಸೈಟ್ ಗ್ಲಾಸ್. ದೊಡ್ಡ ಕಾರ್ಖಾನೆಯಾದರೆ ಅಲ್ಟ್ರಾಸಾನಿಕ್ ಯಂತ್ರ ಕೊಳ್ಳುವುದು ಲಾಭ.

ಟ್ರ್ಯಾಪ್ ಬಾಯಿ ಬಯಲಿಗೆ ತೆರೆದಿದ್ದರೆ ಬಿಳಿ ಹೊಗೆ ಕಂಡ ತಕ್ಷಣ "ಲೀಕ್" ಅನ್ನಬೇಡಿ. 7 ಬಾರ್ ಒತ್ತಡದ ಬಿಸಿ ನೀರು ಹೊರಗೆ ಬಂದಾಗ ಅದರಲ್ಲಿ ಸುಮಾರು 13 ಪರ್ಸೆಂಟ್ ತಾನಾಗಿಯೇ ಹಬೆಯಾಗುತ್ತದೆ. ಇದು ಫ್ಲಾಶ್ ಸ್ಟೀಮ್. ಇದರ ಜೊತೆ ನೀರ ಹನಿ ಇರುತ್ತದೆ, ಬಿಟ್ಟು ಬಿಟ್ಟು ಬರುತ್ತದೆ, ಸೋಮಾರಿಯಾಗಿ ಮೇಲೇಳುತ್ತದೆ. ನಿಜವಾದ ಹಬೆ ಸೋರಿದರೆ ಬಾಯಿಯ ಹತ್ತಿರ ಕಣ್ಣಿಗೇ ಕಾಣುವುದಿಲ್ಲ, ಸ್ವಲ್ಪ ದೂರದಲ್ಲಿ ಬೆಳ್ಳಗಾಗುತ್ತದೆ, ನಿಲ್ಲದೆ ರಭಸದಿಂದ ಹೊಡೆಯುತ್ತದೆ. ಇನ್ನೊಂದು ಮಾತು, ಬಯಲಿಗೆ ಬಿದ್ದ ಕಂಡೆನ್ಸೇಟ್ 100 ಡಿಗ್ರಿ ತೋರಿಸದಿದ್ದರೆ ಗನ್ ಕೆಟ್ಟಿದೆ ಅಂತಲ್ಲ. ಮೈಸೂರು ಸಮುದ್ರಮಟ್ಟದಿಂದ 750 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ.

ನೀರನ್ನು ವಾಪಸ್ ತನ್ನಿ

ಕಂಡೆನ್ಸೇಟನ್ನು ಚರಂಡಿಗೆ ಬಿಡುವುದು ಪಾಪ. ಅದು ಬಿಸಿಯೂ ಹೌದು, ಗಡಸಿಲ್ಲದ ಶುದ್ಧ ನೀರೂ ಹೌದು. ಬಾಯ್ಲರ್‌ಗೆ ಹೋಗುವ ನೀರಿನ ಬಿಸಿ 6 ಡಿಗ್ರಿ ಏರಿದರೆ ಇಂಧನ ಸುಮಾರು 1 ಪರ್ಸೆಂಟ್ ಉಳಿಯುತ್ತದೆ. 30 ಡಿಗ್ರಿಯ ಬದಲು 84 ಡಿಗ್ರಿ ನೀರು ಕೊಟ್ಟರೆ 9 ಪರ್ಸೆಂಟ್. ರಿಟರ್ನ್ ಪೈಪ್ ಸೈಜನ್ನು ಬರೀ ನೀರಿಗೆ ಲೆಕ್ಕ ಹಾಕಬೇಡಿ, ಒಳಗೆ ಜಾಗ ತಿನ್ನುವುದು ಹೆಚ್ಚಾಗಿ ಫ್ಲಾಶ್ ಸ್ಟೀಮೇ. ಪ್ರತಿ ಟ್ರ್ಯಾಪ್‌ನ ಪೈಪನ್ನು ಮುಖ್ಯ ರಿಟರ್ನ್‌ಗೆ ಮೇಲಿನಿಂದ ಸೇರಿಸಿ.

ಬಣ್ಣದ ತೊಟ್ಟಿಯ ಕಂಡೆನ್ಸೇಟನ್ನು ಪರೀಕ್ಷೆ ಮಾಡದೆ ಬಾಯ್ಲರ್‌ಗೆ ಬಿಡಬೇಡಿ, ಕಾಯಿಲ್ ತೂತಾಗಿದ್ದರೆ ಬಣ್ಣವೂ ಬಂದೀತು. ಸಕ್ಕರೆ ಕಾರ್ಖಾನೆಯವರಿಗೆ ಇದು ಹಳೆಯ ಪಾಠ. ಮಂಡ್ಯದಲ್ಲಿ ಮೈಶುಗರ್ ಶುರುವಾದದ್ದೇ 1933ರಲ್ಲಿ. ಈ ಉದ್ಯಮದಲ್ಲಿ ಕಂಡೆನ್ಸೇಟ್‌ಗೆ ಆಲ್ಫಾ ನ್ಯಾಫ್ತಾಲ್ ಮತ್ತು ಸಲ್ಫ್ಯೂರಿಕ್ ಆಸಿಡ್ ಹಾಕಿ ನೋಡುತ್ತಾರೆ, ನೇರಳೆ ಉಂಗುರ ಕಂಡರೆ ಸಕ್ಕರೆ ಸೇರಿದೆ, ಆ ನೀರು ಬಾಯ್ಲರ್‌ಗೆ ಹೋಗದು. ಅಲ್ಲಿ ಕಬ್ಬಿನ ರಸ ಬತ್ತಿಸುವ ಇವಾಪೊರೇಟರ್‌ನ ಕೊನೆಯ ಬಾಡಿಗಳು (ಪಾತ್ರೆಗಳು) ನಿರ್ವಾತದಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಸಾಮಾನ್ಯ ಟ್ರ್ಯಾಪ್ ಹಾಕಿ ಪ್ರಯೋಜನವಿಲ್ಲ, ತಳ್ಳುವ ಒತ್ತಡವೇ ಇಲ್ಲವಲ್ಲ. ಪಂಪ್ ಅಥವಾ ಸೈಫನ್ ಪೈಪೇ ಗತಿ.

ರಿಪೇರಿ

ಎರಡೂ ಕಡೆ ವಾಲ್ವ್ ಮುಚ್ಚಿ, ಒತ್ತಡ ಪೂರ್ತಿ ಇಳಿಸಿ, ತಣಿಯಲು ಬಿಡಿ. ಟಿಡಿಯ ಬಿಲ್ಲೆ ತೆಗೆಯುವಾಗ ಯಾವ ಮುಖ ಸೀಟಿನ ಕಡೆಗಿತ್ತು ಅಂತ ಗುರುತಿಟ್ಟುಕೊಳ್ಳಿ. ಸವೆತ ಸ್ವಲ್ಪವೇ ಇದ್ದರೆ ಸಮತಟ್ಟಾದ ಗಾಜಿನ ಮೇಲೆ ಲ್ಯಾಪಿಂಗ್ ಪೇಸ್ಟ್ ಹಾಕಿ ಎಂಟರ ಆಕಾರದಲ್ಲಿ ಉಜ್ಜಿ. ಸೀಟಿನಲ್ಲಿ ಆಳವಾದ ಗೆರೆ ಬಿದ್ದಿದ್ದರೆ ಉಜ್ಜಬೇಡಿ, ಹೊಸದೇ ಹಾಕಿ. ಫ್ಲೋಟ್‌ನ ಗುಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಬಂದರೆ ತೂತಾಗಿದೆ. ಅಂಥ ಗುಂಡು ಮುಳುಗಿ ಟ್ರ್ಯಾಪ್ ಮುಚ್ಚಿಯೇ ಇರುತ್ತದೆ. ಅದರ ಬದಲು ಟ್ರ್ಯಾಪ್‌ನಿಂದ ಹಬೆ ಸೋರುತ್ತಿದ್ದರೆ ಗುಂಡನ್ನು ಬಿಟ್ಟು ಮೊದಲು ಗಾಳಿ ವೆಂಟ್ ನೋಡಿ. ಸ್ಟ್ರೇನರ್ ಜಾಲರಿಯನ್ನು ಹೊಸ ಲೈನ್ ಆದರೆ ಮೊದಲ ವಾರದಲ್ಲೇ ತೆಗೆದು ತೊಳೆಯಿರಿ, ವೆಲ್ಡಿಂಗ್ ಚೂರೆಲ್ಲ ಅಲ್ಲಿ ಸಿಗುತ್ತದೆ. ಟ್ರ್ಯಾಪ್ ನಂಬರ್, ದಿನಾಂಕ, ಏನು ಬದಲಿಸಿದಿರಿ, ಯಾಕೆ ಕೆಟ್ಟಿತ್ತು, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದೇ ನಂಬರ್ ಪದೇ ಪದೇ ಕಾಣಿಸಿಕೊಂಡರೆ ಅಲ್ಲಿಗೆ ಹೊಸ ಟ್ರ್ಯಾಪ್ ತರಿಸುವ ಮುಂಚೆ ಸ್ಪಿರಿಟ್ ಲೆವೆಲ್ ಹಿಡಿದು ಆ ಪೈಪಿನ ಇಳಿಜಾರು ಅಳೆಯಿರಿ.